ಮಿರ್ಚಿ ಬಂಡಿಯ ಕರಿದ ಎಣ್ಣೆ ಎಲ್ಲಿಗೆ ಹೋಗಬೇಕು? ಹೊಸಪೇಟೆಯಿಂದ ಕರಾವಳಿಗೊಂದು ಪ್ರಶ್ನೆ

ಪ್ರತಿವರ್ಷ ಆಗಸ್ಟ್ 10ನ್ನು ವಿಶ್ವ ಜೈವಿಕ ಇಂಧನ ದಿನವೆಂದು ಆಚರಿಸಲಾಗುತ್ತದೆ. 2018ರ ಇದೇ ದಿನ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 'ರುಕೊ' ಎಂಬ ಯೋಜನೆಯನ್ನು ಆರಂಭಿಸಿತು. ಹೋಟೆಲು, ಬೇಕರಿ, ಚಿಪ್ಸ್ ಕಾರ್ಖಾನೆಗಳಲ್ಲಿ ಕರಿದು ಉಳಿದ ಎಣ್ಣೆ ಮತ್ತೆ ಯಾರದೋ ಬಾಣಲೆ ಸೇರದಂತೆ ತಡೆದು, ಅದನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವುದು ಈ ಯೋಜನೆಯ ಉದ್ದೇಶ. 2022ರ ಹೊತ್ತಿಗೆ ವರ್ಷಕ್ಕೆ 220 ಕೋಟಿ ಲೀಟರ್ ಬಳಸಿದ ಎಣ್ಣೆಯನ್ನು ಇಂಧನಕ್ಕೆ ತಿರುಗಿಸಬಹುದು ಎಂಬ ಅಂದಾಜನ್ನೂ ಪ್ರಾಧಿಕಾರ ಮುಂದಿಟ್ಟಿತ್ತು.

ಆರು ವರ್ಷಗಳ ನಂತರ, 2024ರ ಅದೇ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ನೀರಿನಲ್ಲಿ ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟ್ ಕೂರಿಸುವಷ್ಟರಲ್ಲಿ ರೈತರ ನೀರು ಬಹಳಷ್ಟು ಹರಿದುಹೋಗಿತ್ತು.

ಈ ಎರಡು ಘಟನೆಗಳಿಗೆ ದಿನಾಂಕ ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೆ ಎರಡೂ ಒಂದೇ ಮಾತನ್ನು ಹೇಳುತ್ತವೆ. ಕೆಲಸ ಎಷ್ಟೇ ದೊಡ್ಡದಾಗಿರಲಿ, ಅದು ಕೈಕೊಡುವುದು ಸರಪಳಿಯ ಒಂದು ಸಣ್ಣ ಕೊಂಡಿಯಲ್ಲಿ. ಕರಿದ ಎಣ್ಣೆಯ ವಿಷಯದಲ್ಲಿ ಆ ಸಣ್ಣ ಕೊಂಡಿ ಯಾವುದು? ಅದನ್ನು ಗಟ್ಟಿ ಮಾಡುವುದರಲ್ಲಿ ನಮ್ಮ ಚರ್ಚುಗಳು ಏನು ಮಾಡಬಹುದು? ಏನು ಮಾಡಬಾರದು? ಇದು ಈ ಲೇಖನದ ವಿಷಯ.

ಹೊಸಪೇಟೆಯೇ ಏಕೆ?

ಕರಾವಳಿಯ ಓದುಗರಿಗೆ ಹೊಸಪೇಟೆ ಅಪರಿಚಿತವಲ್ಲ. ಹಂಪಿ ನೋಡಲು ಹೋದವರೆಲ್ಲ ಅಲ್ಲಿ ಇಳಿದವರೇ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ಕರಾವಳಿಯಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಸೇವೆ ಮಾಡಿದ್ದಾರೆ. ಘಟ್ಟ ಹತ್ತಿ ಹೋಗಿ ಹೋಟೆಲು ಇಟ್ಟ ನಮ್ಮ ಊರಿನವರು ಬಯಲುಸೀಮೆಯ ಪಟ್ಟಣಗಳಲ್ಲಿ ಇಂದಿಗೂ ಇದ್ದಾರೆ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕುವವರೆಗೆ ಸಂಡೂರು, ಹೊಸಪೇಟೆಯ ಕೆಂಪು ಅದಿರು ಹೊತ್ತ ಲಾರಿಗಳು ನಮ್ಮ ಬಂದರುಗಳಿಗೆ ಸಾಲುಗಟ್ಟಿ ಬರುತ್ತಿದ್ದುದನ್ನು ನಾವು ಮರೆತಿಲ್ಲ.

2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಈ ಊರು ಪ್ರವಾಸಿಗರು, ಲಾರಿ ಚಾಲಕರು, ಗಣಿ ಮತ್ತು ಉಕ್ಕು ಕಾರ್ಖಾನೆಯ ಕೆಲಸಗಾರರು, ಸುತ್ತಲಿನ ಹಳ್ಳಿಗಳಿಂದ ಕೂಲಿಗೆ ಬರುವವರು ಸೇರುವ ಜಾಗ. ಸಂಜೆಯಾದರೆ ಬಸ್ ನಿಲ್ದಾಣದ ಸುತ್ತ, ಸರ್ಕಲ್ಲುಗಳಲ್ಲಿ ಮಿರ್ಚಿ ಬಂಡಿಗಳು ನಿಲ್ಲುತ್ತವೆ. ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಎರಡು ಬಿಸಿ ಮಿರ್ಚಿ. ಎಷ್ಟೋ ಕೂಲಿಗಾರರಿಗೆ ಅದು ಬಾಯಿಚಪಲದ ತಿಂಡಿಯಲ್ಲ, ರಾತ್ರಿಯ ಊಟವೇ ಅದು.

ಆ ಬಾಣಲೆಯ ಎಣ್ಣೆಯನ್ನು ಒಮ್ಮೆ ಗಮನಿಸಬೇಕು. ಬಂಡಿಯವರಲ್ಲಿ 'ಉಳಿದ ಎಣ್ಣೆ' ಎಂಬುದು ಸಾಮಾನ್ಯವಾಗಿ ಇರುವುದೇ ಇಲ್ಲ. ನಿನ್ನೆಯ ಎಣ್ಣೆಯ ಮೇಲೆ ಇಂದು ಸ್ವಲ್ಪ ಹೊಸತನ್ನು ಸುರಿಯುತ್ತಾರೆ, ಇಂದಿನದರ ಮೇಲೆ ನಾಳೆ. ಎಣ್ಣೆ ಮುಗಿಯುವುದು ಬಜ್ಜಿಯ ಜೊತೆ ಜನರ ಹೊಟ್ಟೆ ಸೇರಿಯೇ. ಇದರಲ್ಲಿ ಕೆಟ್ಟತನವೇನೂ ಇಲ್ಲ. ದಿನದ ಸಂಪಾದನೆ ಕೆಲವು ನೂರು ರೂಪಾಯಿ ಇರುವ ಅಕ್ಕನೊಬ್ಬಳು ಎರಡು ಲೀಟರ್ ಎಣ್ಣೆಯನ್ನು ಮೋರಿಗೆ ಚೆಲ್ಲಲಿ ಎಂದು ನಾವು ಹೇಳಿದರೆ ಅವಳು ನಕ್ಕಾಳು.

ಇದಕ್ಕಿಂತ ಕಳವಳಕಾರಿಯಾದ ಇನ್ನೊಂದು ದಾರಿಯಿದೆ. ದೊಡ್ಡ ಅಡುಗೆಮನೆಗಳಲ್ಲಿ ಕರಿದು ಕಪ್ಪಾದ ಎಣ್ಣೆ ಕಡಿಮೆ ಬೆಲೆಗೆ ಕೈಬದಲಾಗಿ ಬೀದಿಬದಿಯ ಬಾಣಲೆಗೆ ಬರುವ ದಾರಿ ಅದು. ರುಕೊ ಯೋಜನೆ ಹುಟ್ಟಿದ್ದೇ ಈ ದಾರಿಯನ್ನು ಮುಚ್ಚಲು. ಉಳ್ಳವರು ಒಮ್ಮೆ ತಿಂದು ಬಿಟ್ಟ ಎಣ್ಣೆಯಲ್ಲಿ ಇಲ್ಲದವರ ಊಟ ಬೇಯುತ್ತದೆ. ಆದ್ದರಿಂದ ಇದು ಇಂಧನದ ಪ್ರಶ್ನೆಯಾಗುವ ಮೊದಲು ನ್ಯಾಯದ ಪ್ರಶ್ನೆ.

ನಿಯಮ ಎಲ್ಲಿ ನಿಲ್ಲುತ್ತದೆ?

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳೆಂಬ ವಸ್ತುಗಳು ಹೆಚ್ಚುತ್ತವೆ. ರಕ್ತದೊತ್ತಡ, ರಕ್ತನಾಳ ಮತ್ತು ಯಕೃತ್ತಿನ ಕಾಯಿಲೆಗಳೊಂದಿಗೆ ಇವುಗಳಿಗೆ ನಂಟಿದೆ. 2018ರ ಜುಲೈ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಈ ಪ್ರಮಾಣ ಶೇಕಡಾ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. 2019ರ ಮಾರ್ಚ್ 1ರಿಂದ, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯನ್ನು ಕರಿಯಲು ಬಳಸುವವರು ಅದರ ಲೆಕ್ಕ ಬರೆದಿಡಬೇಕು ಮತ್ತು ಕೆಟ್ಟ ಎಣ್ಣೆಯನ್ನು ಅನುಮತಿ ಪಡೆದ ಸಂಗ್ರಹಕಾರರಿಗೇ ಕೊಡಬೇಕು.

ನಿಯಮ ಒಳ್ಳೆಯದೇ. ಆದರೆ 50 ಲೀಟರ್ ಎಂಬ ಗೆರೆಯನ್ನು ಗಮನಿಸಿ. ನಕ್ಷತ್ರ ಹೋಟೆಲು, ದೊಡ್ಡ ಕ್ಯಾಟರಿಂಗ್, ಚಿಪ್ಸ್ ಕಾರ್ಖಾನೆ ಈ ಗೆರೆಯ ಆಚೆ ಇವೆ. ಮಿರ್ಚಿ ಬಂಡಿ, ಗೋಳಿಬಜೆ ಕರಿಯುವ ಸಣ್ಣ ಕ್ಯಾಂಟೀನು, ಹಾಸ್ಟೆಲಿನ ಅಡುಗೆಮನೆ, ಚರ್ಚ್ ಹಬ್ಬದ ಊಟ ಇವೆಲ್ಲ ಗೆರೆಯ ಈಚೆ ಉಳಿಯುತ್ತವೆ. ಶೇಕಡಾ 25ರ ಮಿತಿ ಎಲ್ಲರಿಗೂ ಅನ್ವಯಿಸುತ್ತದೆ ನಿಜ, ಆದರೆ ಅದನ್ನು ಅಳೆಯುವ ಮೀಟರ್ ಬಂಡಿಯವರಲ್ಲಿ ಇರುವುದಿಲ್ಲ. ಸಂಗ್ರಹಿಸುವ ಕಂಪನಿಗಳಿಗೂ ಒಂದೇ ಕಡೆ ನೂರಾರು ಲೀಟರ್ ಸಿಗುವುದು ಲಾಭ. ಬಂಡಿಯಿಂದ ಬಂಡಿಗೆ ಹೋಗಿ ಎರಡೆರಡು ಲೀಟರ್ ತುಂಬಿಸಿಕೊಳ್ಳಲು ಬೆಂಗಳೂರಿನಿಂದ 340 ಕಿಲೋಮೀಟರ್ ದೂರ ಯಾರೂ ವಾಹನ ಓಡಿಸುವುದಿಲ್ಲ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರೊಳಗೆ ಡೀಸೆಲಿಗೆ ಶೇಕಡಾ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. 2019ರ ಆಗಸ್ಟಿನಲ್ಲಿ ಸರಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ, ಬಳಸಿದ ಎಣ್ಣೆಯಿಂದ ತಯಾರಾದ ಬಯೋಡೀಸೆಲನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳಲು ಮುಂದೆ ಬಂದವು. ಹೀಗಿದ್ದರೂ ಬೆರಕೆಯ ಪ್ರಮಾಣ ಶೇಕಡಾ 1ನ್ನು ದಾಟಿಲ್ಲ. ಅದೇ ಪೆಟ್ರೋಲಿಗೆ ಎಥನಾಲ್ ಬೆರೆಸುವ ಗುರಿ ಶೇಕಡಾ 20ಕ್ಕೆ 2025ರಲ್ಲೇ ಮುಟ್ಟಿತು. ಈ ವ್ಯತ್ಯಾಸಕ್ಕೆ ಕಾರಣ ತಂತ್ರಜ್ಞಾನವಲ್ಲ. ಕಬ್ಬು ಗದ್ದೆಯಿಂದ ನೇರವಾಗಿ ಒಂದು ಕಾರ್ಖಾನೆಯ ಗೇಟಿಗೆ ಬರುತ್ತದೆ. ಕರಿದ ಎಣ್ಣೆ ಲಕ್ಷಾಂತರ ಬಾಣಲೆಗಳಲ್ಲಿ ಚೆದುರಿಹೋಗಿದೆ. ಅದನ್ನು ಒಂದೆಡೆ ಸೇರಿಸುವವರಿಲ್ಲ.

ಬಯೋಡೀಸೆಲ್ ಆಗುವುದು ಹೇಗೆ?

ರುಡಾಲ್ಫ್ ಡೀಸೆಲರ ಯಂತ್ರವೊಂದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಹಾಗಾದರೆ ಕರಿದ ಎಣ್ಣೆಯನ್ನು ಸೋಸಿ ನೇರವಾಗಿ ಟ್ಯಾಂಕಿಗೆ ಹಾಕಬಾರದೇಕೆ? ಅಡುಗೆ ಎಣ್ಣೆ ಡೀಸೆಲಿಗಿಂತ ಬಹಳ ಮಂದ. ಇಂದಿನ ಎಂಜಿನ್ನಿನ ಸೂಕ್ಷ್ಮ ಇಂಜೆಕ್ಟರುಗಳಲ್ಲಿ ಅದು ಸರಿಯಾಗಿ ಸಿಂಪಡಿಸುವುದಿಲ್ಲ, ಅರ್ಧ ಸುಟ್ಟು ಮಸಿ ಕಟ್ಟುತ್ತದೆ. ಆದ್ದರಿಂದ ಅದನ್ನು ತೆಳುವಾಗಿಸಬೇಕು.

ವಿಧಾನ ಕೇಳಲು ಸುಲಭ. ಎಣ್ಣೆಯನ್ನು ಸೋಸಿ, ಕಾಯಿಸಿ ನೀರಿನ ಅಂಶ ತೆಗೆಯಬೇಕು. ಎಣ್ಣೆ ಎಷ್ಟು ಹುಳಿದಿದೆ ಎಂದು ಪರೀಕ್ಷಿಸಬೇಕು. ಇದಕ್ಕೆ ನಮ್ಮ ಅರಿಶಿನವೂ ಸಾಕು, ಕ್ಷಾರ ಹೆಚ್ಚಾದಾಗ ಅದು ಕೆಂಪಾಗುತ್ತದೆ. ನಂತರ ಎಣ್ಣೆಯ ಐದನೇ ಒಂದು ಭಾಗದಷ್ಟು ಮೆಥನಾಲಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಎಣ್ಣೆಗೆ ಬೆರೆಸಬೇಕು. ಹೊಸ ಎಣ್ಣೆಗೆ ಲೀಟರಿಗೆ ಸುಮಾರು 3.5 ಗ್ರಾಂ ಸೋಡಾ ಸಾಕು, ಹುಳಿದ ಎಣ್ಣೆಗೆ ಇನ್ನಷ್ಟು ಬೇಕು. 55ರಿಂದ 60 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಕಲಕಿ ರಾತ್ರಿಯಿಡೀ ಬಿಟ್ಟರೆ ಕೆಳಗೆ ಕಪ್ಪು ಗ್ಲಿಸರಿನ್, ಮೇಲೆ ಹಳದಿ ಬಯೋಡೀಸೆಲ್ ನಿಲ್ಲುತ್ತದೆ. ಮೇಲಿನದನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ಒಂದು ಲೀಟರ್ ಎಣ್ಣೆಗೆ 800ರಿಂದ 900 ಮಿಲಿಲೀಟರ್ ಇಂಧನ ಸಿಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಮಾಡುವ ಪ್ರಯೋಗವಿದು. ಇಂಟರ್ನೆಟ್ಟಿನಲ್ಲಿ ಇದರ ವಿಡಿಯೋಗಳು ಬೇಕಾದಷ್ಟಿವೆ. ಅವನ್ನು ನೋಡಿದ ನಮ್ಮ ಯುವಜನರು 'ಚರ್ಚಿನ ಜನರೇಟರಿಗೆ ನಾವೇ ಡೀಸೆಲ್ ಮಾಡೋಣ' ಎಂದು ಪಾಲನಾ ಮಂಡಳಿಯ ಮುಂದೆ ಬಂದರೆ ಆಶ್ಚರ್ಯವಿಲ್ಲ. ಅವರ ಉತ್ಸಾಹಕ್ಕೆ ತಣ್ಣೀರೆರಚಬಾರದು. ಆದರೆ ಹೂಂ ಎನ್ನುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಚರ್ಚಿನ ಹಿತ್ತಲಲ್ಲಿ ಬೇಡ

ಮೊದಲನೆಯದು ಮೆಥನಾಲ್. ಇದು ಕಳ್ಳಭಟ್ಟಿ ದುರಂತಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ವಿಷ. 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ 150ಕ್ಕೂ ಹೆಚ್ಚು ಜನರನ್ನು, 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಇದು ಬಲಿ ತೆಗೆದುಕೊಂಡಿತು. ಸ್ವಲ್ಪವೇ ಕುಡಿದರೂ ಕಣ್ಣು ಹೋಗಬಹುದು. ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರುತ್ತದೆ. ಬೆಂಕಿ ಹತ್ತಿದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಮಕ್ಕಳು ಧರ್ಮೋಪದೇಶಕ್ಕೆ ಬರುವ, ಜನ ಸೇರುವ ಆವರಣದಲ್ಲಿ ಮೆಥನಾಲಿನ ಕ್ಯಾನು ಇಡುವುದು ಸರಿಯಲ್ಲ.

ಎರಡನೆಯದು ಉಳಿಯುವ ಕೊಳೆ. ಕೆಳಗೆ ನಿಲ್ಲುವ ಗ್ಲಿಸರಿನ್ನಿನಲ್ಲಿ ಮೆಥನಾಲೂ ಕ್ಷಾರವೂ ಸೇರಿರುತ್ತದೆ, ಅದನ್ನು ಯಾರೂ ಸುಲಭವಾಗಿ ಕೊಳ್ಳುವುದಿಲ್ಲ. ತೊಳೆದ ನೀರು ಸಾಬೂನು ನೀರಿನಂತಿರುತ್ತದೆ. ಹೊಸಪೇಟೆಯ ಬಳಿ ಹರಿಯುವ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು, ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತವೆ. ಪರಿಸರ ಉಳಿಸುವ ಹೆಸರಿನಲ್ಲಿ ಅಂಥ ಕಾಲುವೆಗೆ ಕೊಳೆ ಬಿಡುವುದು ಎಂಥ ಪರಿಸರ ಸೇವೆ?

ಮೂರನೆಯದು ಗುಣಮಟ್ಟ. ಬಯೋಡೀಸೆಲಿಗೆ ಐಎಸ್ 15607 ಎಂಬ ಭಾರತೀಯ ಮಾನಕವಿದೆ. ನೀರು, ಮೆಥನಾಲ್, ಗ್ಲಿಸರಿನ್, ಹುಳಿ ಎಲ್ಲಕ್ಕೂ ಅದರಲ್ಲಿ ಮಿತಿಯುಂಟು. ಡ್ರಮ್ಮಿನಲ್ಲಿ ಕಲಕಿ ಮಾಡಿದ ಇಂಧನ ಈ ಮಿತಿಯೊಳಗಿದೆಯೇ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಜನರೇಟರಿನ ಫಿಲ್ಟರು ಕಟ್ಟಿದರೆ ಹೋಗುವುದು ಹಣ ಮಾತ್ರ. ಅದೇ ಇಂಧನ ಮೀನುಗಾರಿಕಾ ದೋಣಿಗೆ ಹೋಗಿ, ನಡುಗಡಲಿನಲ್ಲಿ ಎಂಜಿನ್ ನಿಂತರೆ? ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಕಾನೂನು. 2019ರ ಏಪ್ರಿಲ್ 30ರ ಕೇಂದ್ರ ಸರಕಾರದ ಮಾರ್ಗಸೂಚಿಯ ಪ್ರಕಾರ ನೋಂದಣಿ ಇಲ್ಲದೆ ಬಯೋಡೀಸೆಲ್ ಮಾರುವಂತಿಲ್ಲ. 2021ರಲ್ಲಿ ಗುಜರಾತಿನಲ್ಲಿ ಬಯೋಡೀಸೆಲ್ ಹೆಸರಿನಲ್ಲಿ ಬೇರೆ ಕೈಗಾರಿಕಾ ತೈಲಗಳನ್ನು ಮಾರುತ್ತಿದ್ದವರ ಮೇಲೆ ಪೊಲೀಸರು ದಾಳಿ ನಡೆಸಿದರು. ಹೆಸರು ಒಳ್ಳೆಯದೆಂದ ಮಾತ್ರಕ್ಕೆ ಸರಕು ಒಳ್ಳೆಯದಾಗಬೇಕಿಲ್ಲ.

ಹೊಂಗೆ ಕಲಿಸಿದ ಪಾಠ

ಸಣ್ಣ ಪ್ರಮಾಣದ ಜೈವಿಕ ಇಂಧನದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 'ಸೂತ್ರ' ಎಂಬ ಯೋಜನೆಯಡಿ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಬೋರ್‌ವೆಲ್ ನೀರನ್ನು ಹೊಲಗಳಿಗೆ ಕೊಟ್ಟರು. 2007ರಲ್ಲಿ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಆರಂಭವಾಯಿತು. 2009ರಲ್ಲಿ ರಾಜ್ಯವು ತನ್ನದೇ ಜೈವಿಕ ಇಂಧನ ನೀತಿಯನ್ನು ತಂದಿತು.

ಈ ಪ್ರಯತ್ನಗಳು ಒಂದು ವಿಷಯವನ್ನು ಖಚಿತಪಡಿಸಿದವು: ಎಣ್ಣೆ ಕೈಗೆ ಬಂದರೆ ಎಂಜಿನ್ ಓಡಿಸುವುದು ಕಷ್ಟವಲ್ಲ. ಕಷ್ಟವಿರುವುದು ಊರೂರಿನ ಬದುಗಳಲ್ಲಿ ಬಿದ್ದ ಬೀಜವನ್ನು ಆರಿಸಿ, ಒಣಗಿಸಿ, ಒಂದೆಡೆ ತಂದು, ಆರಿಸಿದವರಿಗೆ ಕೂಲಿ ಗಿಟ್ಟುವಂತೆ ಮಾಡುವುದರಲ್ಲಿ. ಕರಿದ ಎಣ್ಣೆಯ ಕತೆಯೂ ಇದೇ. ಯಂತ್ರ ಸಿಗುತ್ತದೆ. ಸಂಗ್ರಹಿಸುವ ಕೈಗಳು ಸಿಗುವುದಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ?

ಜಪಾನಿನ ಕ್ಯೋಟೊ ನಗರ 1997ರಿಂದ ಮನೆಮನೆಗಳ ಬಳಸಿದ ಎಣ್ಣೆಯನ್ನು ಸಂಗ್ರಹಿಸಿ, ಅದರಿಂದ ತಯಾರಾದ ಇಂಧನದಲ್ಲಿ ಕಸದ ಲಾರಿಗಳನ್ನು ಓಡಿಸುತ್ತ ಬಂದಿದೆ. ಅಲ್ಲಿ ನಿವಾಸಿಗಳು ಮಾಡುವುದು ಸಂಗ್ರಹದ ಕೆಲಸ ಮಾತ್ರ. ತಮ್ಮ ಬೀದಿಯ ನಿಗದಿತ ಜಾಗಕ್ಕೆ, ನಿಗದಿತ ದಿನ ಬಾಟಲಿಯಲ್ಲಿ ಎಣ್ಣೆ ತಂದಿಡುತ್ತಾರೆ. ಮೆಥನಾಲಿನ ಗೊಡವೆ ಅವರಿಗಿಲ್ಲ.

ಅಮೆರಿಕದ ಷಿಕಾಗೊದಲ್ಲಿ ಯೇಸುಸಭೆಯ ಲೊಯೋಲ ವಿಶ್ವವಿದ್ಯಾಲಯ 2007ರಲ್ಲಿ ಇಂಥದೇ ಕಾರ್ಯಕ್ರಮ ಆರಂಭಿಸಿತು. ಕ್ಯಾಂಟೀನುಗಳ ಎಣ್ಣೆಯಿಂದ ವಿದ್ಯಾರ್ಥಿಗಳೇ ಬಯೋಡೀಸೆಲ್ ತಯಾರಿಸಿ ವಿಶ್ವವಿದ್ಯಾಲಯದ ಬಸ್ಸುಗಳಿಗೆ ಕೊಟ್ಟರು, ಗ್ಲಿಸರಿನ್ನಿನಿಂದ ಸಾಬೂನು ಮಾಡಿ ಮಾರಿದರು. ಇದು ಕಥೋಲಿಕ ಸಂಸ್ಥೆಯೊಂದು ತೋರಿಸಿದ ಒಳ್ಳೆಯ ಮಾದರಿ. ಆದರೆ ಅಲ್ಲಿ ಪ್ರಯೋಗಾಲಯವಿದೆ, ರಸಾಯನಶಾಸ್ತ್ರ ಬಲ್ಲ ಅಧ್ಯಾಪಕರಿದ್ದಾರೆ, ಪರವಾನಗಿ ಇದೆ. ನಮ್ಮಲ್ಲೂ ಎಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುವ ಕಥೋಲಿಕ ಸಂಸ್ಥೆಗಳಿವೆ. ಇಂಧನ ತಯಾರಿಸುವ ಪ್ರಯೋಗ ನಡೆಯಬೇಕಾದ ಜಾಗ ಅದು. ಚರ್ಚುಗಳು ಕ್ಯೋಟೊದ ಬೀದಿಯವರಂತೆ ಸಂಗ್ರಹದ ಕೆಲಸ ಮಾಡಲಿ.

ಒಂದು ಸಣ್ಣ ಲೆಕ್ಕ

ಉದಾಹರಣೆಗೆ ಒಂದು ಪಟ್ಟಣದಲ್ಲಿ 50 ಬಂಡಿಗಳು ದಿನಕ್ಕೆ ತಲಾ 2 ಲೀಟರ್ ಹಳೆಯ ಎಣ್ಣೆ ಕೊಡುತ್ತವೆ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 3,000 ಲೀಟರ್ ಆಯಿತು. ಅದರಿಂದ ಸುಮಾರು 2,500 ಲೀಟರ್ ಬಯೋಡೀಸೆಲ್ ಆಗುತ್ತದೆ. ತಯಾರಿಸಲು 600 ಲೀಟರ್ ಮೆಥನಾಲ್ ಬೇಕು. ಲೀಟರಿಗೆ ಮೂರೂವರೆ ಕಿಲೋಮೀಟರ್ ಓಡುವ ಲಾರಿಯೊಂದು ಈ ಇಂಧನದಲ್ಲಿ ಹೊಸಪೇಟೆಯಿಂದ ಮಂಗಳೂರಿಗೆ ಸುಮಾರು ಹತ್ತು ಸಲ ಹೋಗಿ ಬರಬಹುದು. ಅಷ್ಟೇ.

ಹೊಸಪೇಟೆಯ ಹೆದ್ದಾರಿಗಳಲ್ಲಿ ಓಡುವ ಲಾರಿಗಳ ಮುಂದೆ ಇದು ಏನೂ ಅಲ್ಲ. ಆದ್ದರಿಂದ ಕರಿದ ಎಣ್ಣೆಯಿಂದ ಡೀಸೆಲ್ ಸಮಸ್ಯೆ ಬಗೆಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅದೇ 3,000 ಲೀಟರನ್ನು ಇನ್ನೊಂದು ಕಡೆಯಿಂದ ನೋಡಿ. ತಿಂಗಳಿಗೆ ಅಷ್ಟು ಕೆಟ್ಟ ಎಣ್ಣೆ ಕೂಲಿಗಾರರ, ಶಾಲಾಮಕ್ಕಳ, ಚಾಲಕರ ಹೊಟ್ಟೆಗೆ ಹೋಗುವುದು ತಪ್ಪಿತು. ಲಾಭವಿರುವುದು ಇಲ್ಲಿ. ಬಯೋಡೀಸೆಲ್ ಈ ಕೆಲಸಕ್ಕೆ ಗುರಿಯಲ್ಲ, ಅದು ದಾರಿ ಮಾತ್ರ. ಎಣ್ಣೆಗೆ ಬೇರೆ ಕಡೆ ಬೆಲೆ ಸಿಕ್ಕಿದರೆ ಅದು ಬಾಣಲೆಗೆ ವಾಪಸ್ಸು ಬರುವುದಿಲ್ಲ.

ಬಂಡಿಯ ಅಕ್ಕನಿಗೂ ಇದು ಗಿಟ್ಟಬೇಕಲ್ಲ? ಹಳೆಯ ಎಣ್ಣೆಗೆ ಹೊಸದರ ಮೂರನೇ ಒಂದು ಭಾಗ ಬೆಲೆ ಸಿಗುತ್ತದೆ ಎಂದಿಟ್ಟುಕೊಂಡರೆ, 3 ಲೀಟರ್ ಹಳೆಯದಕ್ಕೆ 1 ಲೀಟರ್ ಹೊಸ ಎಣ್ಣೆ ಕೊಡಬಹುದು. ಹಣದ ಬದಲು ಎಣ್ಣೆಗೆ ಎಣ್ಣೆ. ಆದರೂ ಅವಳಿಗೆ ಸ್ವಲ್ಪ ನಷ್ಟವಿದೆ. ಆ ವ್ಯತ್ಯಾಸವನ್ನು ತುಂಬಿಕೊಡುವ ಕೆಲಸವನ್ನು ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯೋ, ಸ್ವಸಹಾಯ ಸಂಘವೋ, ನಗರಸಭೆಯೋ ಮಾಡಬಹುದು. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಯಾರನ್ನು ಭೇಟಿಯಾಗಬೇಕು ಎಂದು ಹುಡುಕಲು ಆ ಪಟ್ಟಿ ಸಾಕು.

ನಮ್ಮ ಅಡುಗೆಮನೆಯಿಂದ ಆರಂಭ

ಪರರಿಗೆ ಉಪದೇಶ ಹೇಳುವ ಮೊದಲು ನಮ್ಮ ಬಾಣಲೆ ನೋಡಿಕೊಳ್ಳೋಣ. ನಮ್ಮ ಹಾಸ್ಟೆಲು, ಆಸ್ಪತ್ರೆ, ಶಾಲಾ ಕ್ಯಾಂಟೀನು, ಧ್ಯಾನಕೇಂದ್ರಗಳಲ್ಲಿ ಕರಿದು ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಅನೇಕ ಕಡೆ ಇದನ್ನು ಯಾರೂ ಕೇಳಿಯೇ ಇಲ್ಲ. ಚರ್ಚಿನ ವಾರ್ಷಿಕ ಹಬ್ಬದ ಊಟ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ಎಣ್ಣೆಯನ್ನು ಪಾತ್ರೆ ತೊಳೆದವರಿಗೆ ಕೊಟ್ಟು ಕಳಿಸುವುದುಂಟು. 'ಪಾಪ, ಮನೆಗಾಗುತ್ತದೆ' ಎಂಬ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತೇವೆ. ನಾವು ತಿನ್ನಲಾರದ್ದನ್ನು ಬಡವರಿಗೆ ಕೊಡುವುದು ದಾನವಾಗುತ್ತದೆಯೇ? ಅವರಿಗೆ ಕೊಡುವುದಾದರೆ ಸೀಲು ಒಡೆಯದ ಪ್ಯಾಕೆಟ್ ಕೊಡೋಣ.

ಪೋಪ್ ಫ್ರಾನ್ಸಿಸ್ ಅವರು 2015ರ ಮೇ 24ರಂದು ಸಹಿ ಹಾಕಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದರು. ಭೂಮಿಯ ನೋವನ್ನೂ ಬಡವರ ನೋವನ್ನೂ ಬೇರೆ ಬೇರೆಯಾಗಿ ನೋಡಬಾರದು ಎಂದು ಕಲಿಸಿದರು. ಬೇಕಾದಷ್ಟೇ ಬೇಯಿಸುವಂಥ ಸಣ್ಣ ದಿನನಿತ್ಯದ ಅಭ್ಯಾಸಗಳೂ ಸೃಷ್ಟಿಯ ಪಾಲನೆಯೇ ಎಂದು ಅದೇ ಪತ್ರದ 211ನೇ ಪರಿಚ್ಛೇದದಲ್ಲಿ ತಿಳಿಸಿದ್ದಾರೆ. 2025ರ ಏಪ್ರಿಲ್‌ನಲ್ಲಿ ಅವರು ನಮ್ಮನ್ನಗಲಿದರು. ಅವರನ್ನು ನೆನೆದು ಗಿಡ ನೆಡುವುದು ಒಳ್ಳೆಯದೇ, ಅದರ ಜೊತೆಗೆ ಅಡುಗೆಮನೆಯ ಎಣ್ಣೆಯ ಲೆಕ್ಕವನ್ನೂ ಬರೆದಿಡೋಣ.

ಒಂದು ಚರ್ಚಿನಿಂದ ಸಾಧ್ಯವಾಗುವಂಥ ಕೆಲವು ಕೆಲಸಗಳು ಇಲ್ಲಿವೆ.

1. ನಮ್ಮ ಎಲ್ಲ ಸಂಸ್ಥೆಗಳ ಅಡುಗೆಮನೆಯಲ್ಲಿ ಒಂದು ಪುಸ್ತಕ ಇಡುವುದು. ಎಷ್ಟು ಎಣ್ಣೆ ಬಂತು, ಎಷ್ಟು ಉಳಿಯಿತು, ಯಾರಿಗೆ ಹೋಯಿತು ಎಂಬ ಮೂರು ಸಾಲು ಸಾಕು. ದಿನಕ್ಕೆ 50 ಲೀಟರ್ ಬಳಸದಿದ್ದರೂ ಬರೆಯೋಣ.

2. ಬಣ್ಣ ಕಪ್ಪಾದ, ಅಂಟಂಟಾದ, ಬೇಗನೆ ಹೊಗೆ ಬರುವ, ನೊರೆ ಕಟ್ಟುವ ಎಣ್ಣೆಯನ್ನು ಮತ್ತೆ ಒಲೆಗೆ ಇಡದಿರುವುದು. ಮೀಟರ್ ಇಲ್ಲದವರಿಗೆ ಇದೇ ಗುರುತು.

3. ಪ್ರತಿ ವಾಳೆಯಲ್ಲಿ ಮುಚ್ಚಳವಿರುವ ಒಂದು ಕ್ಯಾನು. ಗುರಿಕಾರರ ಮನೆಯಲ್ಲಿಟ್ಟು ತಿಂಗಳಿಗೊಮ್ಮೆ, ಭಾನುವಾರದ ಬಲಿಪೂಜೆಗೆ ಬರುವಾಗ ಚರ್ಚಿಗೆ ತರಬಹುದು. 100 ಮನೆಗಳಿಂದ ತಿಂಗಳಿಗೆ ತಲಾ 200 ಮಿಲಿಲೀಟರ್ ಬಂದರೂ 20 ಲೀಟರ್ ಆಗುತ್ತದೆ. ಕ್ರಿಸ್ಮಸ್ಸಿಗೆ ಕುಸ್ವಾರ್ ಕರಿಯುವ ಡಿಸೆಂಬರಿನಲ್ಲಿ ಇನ್ನೂ ಹೆಚ್ಚು. ಎಣ್ಣೆ ತಣಿದ ಮೇಲೆ ಸೋಸಿ ಹಾಕಬೇಕು, ನೀರು ಸೇರಬಾರದು.

4. ಅಕ್ಕಪಕ್ಕದ ಹತ್ತು ಚರ್ಚುಗಳು ಒಟ್ಟಾಗಿ, ರುಕೊ ಯೋಜನೆಯಡಿ ನೋಂದಾಯಿತ ಸಂಗ್ರಹಕಾರರೊಡನೆ ಮಾತನಾಡುವುದು. ಒಂದು ಚರ್ಚಿನ 20 ಲೀಟರಿಗೆ ಬಾರದ ವಾಹನ ಹತ್ತು ಚರ್ಚುಗಳ ಜೊತೆಗೆ ಹಾಸ್ಟೆಲು, ಕ್ಯಾಂಟೀನುಗಳದ್ದೂ ಸೇರಿದರೆ ಬಂದೀತು. ಕೊಟ್ಟದ್ದಕ್ಕೆ ರಸೀದಿ ಪಡೆಯಲೇಬೇಕು, ಇಲ್ಲವಾದರೆ ಎಣ್ಣೆ ಪುನಃ ಬಾಣಲೆಗೆ ಹೋಗಿಲ್ಲ ಎಂದು ಹೇಳುವುದು ಹೇಗೆ?

5. ಸಂಗ್ರಹಕಾರರು ಬಾರದ ಕಡೆ ಸ್ತ್ರೀ ಸಂಘಟನೆಯವರು ನೆಲ, ಬಟ್ಟೆ ತೊಳೆಯುವ ಸಾಬೂನು ಮಾಡಬಹುದು. ಒಂದು ಲೀಟರ್ ಎಣ್ಣೆಗೆ ಸುಮಾರು 120 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಮೆಥನಾಲ್ ಬೇಕಿಲ್ಲ. ಆದರೆ ಸೋಡಾ ಚರ್ಮವನ್ನು ಸುಡುತ್ತದೆ. ಕೈಗವಸು, ಕನ್ನಡಕ ಬೇಕು, ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಸುರಿಯಬಾರದು, ಅಲ್ಯೂಮಿನಿಯಂ ಪಾತ್ರೆ ಬಳಸಲೇಬಾರದು. ತಿಳಿದವರಿಂದ ತರಬೇತಿ ಪಡೆದೇ ಮಾಡಬೇಕು.

6. ನಮ್ಮ ಚರ್ಚಿನ ಗೇಟಿನ ಮುಂದೆ ಬಜ್ಜಿ, ಗೋಳಿಬಜೆ ಮಾರುವವರೊಡನೆ ಮಾತನಾಡುವುದು. ದೂರು ಕೊಡುವುದಕ್ಕಲ್ಲ, ಹಳೆಯ ಎಣ್ಣೆಗೆ ಹೊಸ ಎಣ್ಣೆ ಕೊಡುವ ಏರ್ಪಾಡಿಗೆ. ಮೊದಲು ಒಬ್ಬರೇ ಒಪ್ಪಿದರೂ ಸಾಕು.

ಖಾಲಿ ಪಾತ್ರೆಗಳು

ಅರಸುಗಳ ಎರಡನೆಯ ಗ್ರಂಥದಲ್ಲಿ ಒಬ್ಬ ವಿಧವೆಯ ಕತೆ ಇದೆ. ಸಾಲಗಾರ ಬಂದು ಅವಳ ಇಬ್ಬರು ಗಂಡುಮಕ್ಕಳನ್ನು ಗುಲಾಮರಾಗಿ ಒಯ್ಯುವವನಿದ್ದ. ಮನೆಯಲ್ಲಿದ್ದುದು ಸ್ವಲ್ಪ ಎಣ್ಣೆ ಮಾತ್ರ. ಪ್ರವಾದಿ ಎಲೀಷನು ಅವಳಿಗೆ ಹೇಳಿದ್ದು, ನೆರೆಯವರ ಮನೆಗಳಿಂದ ಖಾಲಿ ಪಾತ್ರೆಗಳನ್ನು ಕೇಳಿ ತರಲು. ಪಾತ್ರೆಗಳು ಇರುವವರೆಗೆ ಎಣ್ಣೆ ಸುರಿಯಿತು. ಪಾತ್ರೆಗಳು ಮುಗಿದಾಗ ಎಣ್ಣೆ ನಿಂತಿತು. ಅವಳು ಅದನ್ನು ಮಾರಿ ಸಾಲ ತೀರಿಸಿದಳು.

ಆ ಮನೆಯಲ್ಲಿ ಕೊರತೆಯಾದದ್ದು ಪಾತ್ರೆಗಳು. ಪಾತ್ರೆ ಕೊಟ್ಟವರು ನೆರೆಹೊರೆಯವರು. ನಮ್ಮ ಕಾಲದ ಈ ಎಣ್ಣೆಯ ಕತೆಯಲ್ಲೂ ಸರಕಾರದ ನಿಯಮವಿದೆ, ತಂತ್ರಜ್ಞಾನವಿದೆ, ಕೊಳ್ಳುವ ಕಂಪನಿಗಳಿವೆ. ಇಲ್ಲದಿರುವುದು ಬಂಡಿಯ ಪಕ್ಕದಲ್ಲೊಂದು ಕ್ಯಾನು, ಅದನ್ನು ಎತ್ತಿಕೊಂಡು ಹೋಗುವ ನೆರೆಯವರು. ವಾಳೆ, ಗುರಿಕಾರ, ಸ್ತ್ರೀ ಸಂಘಟನೆ, ಯುವ ಸಂಚಲನ ಎಂದು ಮನೆಮನೆ ತಲುಪುವ ವ್ಯವಸ್ಥೆ ಧರ್ಮಸಭೆಗಿದೆ. ವಂತಿಗೆ ಸಂಗ್ರಹಕ್ಕೆ, ಹಬ್ಬದ ಆಮಂತ್ರಣಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಈ ಕೆಲಸಕ್ಕೂ ಅದನ್ನು ಬಳಸಿಕೊಳ್ಳಲು ಯಾರ ಅಪ್ಪಣೆ ಬೇಕು?

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಮುಂದಿನ ಸೃಷ್ಟಿಯ ಕಾಲ ಬರುವ ಮೊದಲು ನಿಮ್ಮ ಪಾಲನಾ ಮಂಡಳಿಯ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಕಳೆದ ಹಬ್ಬದ ಊಟದಲ್ಲಿ ಉಳಿದ ಎಣ್ಣೆ ಎಲ್ಲಿಗೆ ಹೋಯಿತು? ಉತ್ತರ ಗೊತ್ತಿಲ್ಲವಾದರೆ, ಅಲ್ಲಿಂದಲೇ ಕೆಲಸ ಆರಂಭಿಸಬಹುದು.